ಕೂತುಕೊಳ್ಳಿ ಎನ್ನುವ ಸಂಪ್ರದಾಯ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ಎಷ್ಟೋ ವರ್ಷಗಳಿಂದ ನಮ್ಮೂರಿನ ಹೈಸ್ಕೂಲ್ ಹುಡುಗರ ಫುಟ್‌ಬಾಲ್ ಪಂದ್ಯ ನೋಡುತ್ತಾ ಬಂದಿದ್ದೇನೆ. ಒಂದು ಶುಕ್ರವಾರವೂ ಅರ್ಥವಾಗಿಲ್ಲ. ಹೆಲ್ಮೆಟ್ ಹಾಕಿಕೊಂಡ ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಎದ್ದು ಮೈ ಕೊಡವಿಕೊಳ್ಳುತ್ತಾರೆ, ಗುಂಪುಗೂಡಿ ಅದೇನೋ ಗುಟ್ಟು ಮಾತಾಡುತ್ತಾರೆ, ಮತ್ತೆ ಬೀಳುತ್ತಾರೆ. ಪಕ್ಕದವರು ಚಪ್ಪಾಳೆ ತಟ್ಟಿದರೆ ನಾನೂ ತಟ್ಟುತ್ತೇನೆ, ಅವರು ತಲೆಯ ಮೇಲೆ ಕೈ ಹೊತ್ತರೆ ನಾನೂ ಹೊರುತ್ತೇನೆ. ಒಂದು ಸಲ ಮೈಮರೆತು ಎದುರಾಳಿ ಊರಿನ ಗೋಲಿಗೆ ಜೋರಾಗಿ ಚಪ್ಪಾಳೆ ಹೊಡೆದುಬಿಟ್ಟಿದ್ದೆ. ಯಾರೂ ಒಂದು ಮಾತು ಅನ್ನಲಿಲ್ಲ. ಹಿಂದಿನ ಸಾಲಿನ ಅಜ್ಜ ಮಾತ್ರ ತಮ್ಮ ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದರು. ಸಿಪ್ಪೆ ಸುಲಿಯುವ ಕೆಲಸವಿದ್ದರೆ ಇವಳ ಕೈ ಸುಮ್ಮನಿರುತ್ತದೆ ಎಂದುಕೊಂಡಿರಬೇಕು.

ನಮ್ಮೂರು ಎಂದೆನಲ್ಲ, ನಿಮಗೆ ಮೈಸೂರೋ ಮದ್ದೂರೋ ನೆನಪಾಗಿದ್ದರೆ ಅದು ನನ್ನ ತಪ್ಪಲ್ಲ. ಇದು ಅಮೆರಿಕದ ದಕ್ಷಿಣ ಕೆರೊಲಿನಾದ ಒಂದು ಪುಟ್ಟ ಊರು, ಫುಟ್‌ಬಾಲೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ್ದೇ. ಒಂದು ಬಟ್ಟೆ ಗಿರಣಿ, ಮೂರು ಟ್ರಾಫಿಕ್ ಲೈಟು, ಹನ್ನೊಂದು ಚರ್ಚು. ಬೇರೆ ಯಾವ ಡಾಕ್ಟರೂ ಬರಲೊಲ್ಲದ ಇಲ್ಲಿನ ಕೌಂಟಿ ಆಸ್ಪತ್ರೆಗೆ ನನ್ನ ಗಂಡ ಬಂದರು. ಎರಡು ವರ್ಷದ ಪಲ್ಲವಿಯನ್ನು ಸೊಂಟಕ್ಕೇರಿಸಿಕೊಂಡು ನಾನೂ ಬಂದೆ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಊರಿನವರಿಗೆ ನನ್ನ ಹೆಸರು ನಾಲಿಗೆಗೆ ಹೊರಳದಿದ್ದರೂ ನನ್ನ ಸೂಜಿ ಚೆನ್ನಾಗಿ ಗೊತ್ತು.

ಪಲ್ಲವಿಗೆ ಹನ್ನೆರಡು ತುಂಬಿದ ವರ್ಷ ನನ್ನ ಗಂಡ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ಎಲ್ಲರೂ ನನ್ನನ್ನು ಕೇಳಿದ ಪ್ರಶ್ನೆ ಒಂದೇ: ಊರಿಗೆ ಯಾವಾಗ ಹೋಗುತ್ತೀರಿ? ಮೈಸೂರಿನವರು ಫೋನಿನಲ್ಲಿ ಕೇಳಿದರು, ಅಟ್ಲಾಂಟಾದ ಕನ್ನಡದವರು ಊಟದ ಪ್ಲೇಟು ಕೈಯಲ್ಲಿ ಹಿಡಿದು ಕೇಳಿದರು, ಇಲ್ಲಿಯ ಚರ್ಚಿನವರು ಓವನ್‌ನಲ್ಲಿ ಬೇಯಿಸಿದ ಕ್ಯಾಸರೋಲ್ ಅಡುಗೆ ತಂದುಕೊಟ್ಟು ಕೇಳಿದರು. ನನಗೆ ಸಿಟ್ಟು ಬಂತು. ಗಂಡ ಹೋದ ಮಾತ್ರಕ್ಕೆ ಹೆಂಡತಿ ಗಂಟುಮೂಟೆ ಕಟ್ಟಬೇಕೆಂದು ಯಾರು ಹೇಳಿದರು? ಮನೆಯ ಸಾಲ ಇಲ್ಲಿದೆ, ನುಗ್ಗೆ ಗಿಡ ಇಲ್ಲಿದೆ, ಮಗಳ ಹಲ್ಲಿನ ಡಾಕ್ಟರು ಇಲ್ಲಿದ್ದಾರೆ. ನಾನು ಎಲ್ಲಿಗೂ ಹೋಗಲಿಲ್ಲ.

ಈಗ ಹೋಮ್‌ಕಮಿಂಗ್ ವಿಷಯಕ್ಕೆ ಬರುತ್ತೇನೆ. ಹೆಸರೇ ಹೇಳುವಂತೆ ಇದು ಮನೆಗೆ ಬರುವವರ ಹಬ್ಬ. ಅಕ್ಟೋಬರಿನ ಒಂದು ಶುಕ್ರವಾರ, ಈ ಸ್ಕೂಲಿನಲ್ಲಿ ಓದಿ ಎಲ್ಲೆಲ್ಲಿಗೋ ಹೋದವರೆಲ್ಲ ವಾಪಸು ಬರುತ್ತಾರೆ. ಮಧ್ಯಾಹ್ನ ಮೆರವಣಿಗೆ: ಮುಂದೆ ಅಗ್ನಿಶಾಮಕದವರ ಕೆಂಪು ಲಾರಿ, ಹಿಂದೆ ಬ್ಯಾಂಡು, ಅದರ ಹಿಂದೆ ಟಾಪು ತೆಗೆದ ಕಾರುಗಳ ಬೆನ್ನಿನ ಮೇಲೆ ಕೂತು ಪೆಪ್ಪರ್‌ಮಿಂಟು ಎರಚುವ ಹುಡುಗಿಯರು. ಸಂಜೆ ಪಂದ್ಯ. ಪಂದ್ಯದ ನಡುವಿನ ವಿರಾಮದಲ್ಲಿ ಹಬ್ಬದ ಮುಖ್ಯ ಭಾಗ. ಸಹಪಾಠಿಗಳು ಆರಿಸಿದ ಐದು ಹುಡುಗಿಯರು ಉದ್ದನೆಯ ಗೌನು ತೊಟ್ಟು, ಅಪ್ಪನ ತೋಳು ಹಿಡಿದು, ಮೈದಾನದ ಅಂಚಿನಿಂದ ನಟ್ಟನಡುವಿನವರೆಗೆ ನಡೆದುಕೊಂಡು ಬರುತ್ತಾರೆ. ಅಲ್ಲಿ ಒಬ್ಬಳಿಗೆ ಕಿರೀಟ. ಅಮ್ಮಂದಿರಿಗೆ ಮುಂದಿನ ಸಾಲಿನಲ್ಲಿ ಹೆಸರು ಬರೆದ ಕುರ್ಚಿ, ಎದೆಗೆ ಅಂಗೈಯಗಲದ ಸೇವಂತಿಗೆ, ಅದಕ್ಕೆ ಮಾರುದ್ದದ ರಿಬ್ಬನ್ನು. ನಮ್ಮಲ್ಲಿ ಜಡೆಗೆ ಮುಡಿಯುವುದನ್ನು ಇವರು ಎದೆಗೆ ಚುಚ್ಚಿಕೊಳ್ಳುತ್ತಾರೆ ಎಂಬುದು ಬಿಟ್ಟರೆ ಹೂವು ಅದೇ.

ಮನೆಗೆ ಬರುವ ಹಬ್ಬ ನಮಗೇನೂ ಹೊಸದಲ್ಲ. ಗೌರಿ ಹಬ್ಬ ಇನ್ನೇನು? ಕೈಲಾಸದ ಗೌರಿ ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ. ಒಬ್ಬಳೇ ಬರುತ್ತಾಳೆ ಎನ್ನುವುದನ್ನು ಗಮನಿಸಿ. ತೋಳು ಹಿಡಿದು ಕರೆತರಲು ಶಿವ ಬರುವುದಿಲ್ಲ. ಮಾರನೆಯ ದಿನ ಮಗ ಬಂದು ಸೇರಿಕೊಳ್ಳುತ್ತಾನೆ, ಅವನಿಗೂ ಅಮ್ಮನನ್ನು ಕರೆದೊಯ್ಯುವುದಕ್ಕಿಂತ ಕಡುಬಿನ ಮೇಲೇ ಕಣ್ಣು. ಈ ವಿಷಯದಲ್ಲಿ ನಮ್ಮ ದೇವಿ ನಮಗಿಂತ ಬಹಳ ಮುಂದೆ ಇದ್ದಾಳೆ. ಅವಳನ್ನು ಬರಮಾಡಿಕೊಳ್ಳುವ ನಾವೇ ಹಿಂದೆ ಬಿದ್ದವರು. ಅದನ್ನು ಆಮೇಲೆ ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಆ ಐದು ಹುಡುಗಿಯರಲ್ಲಿ ನಮ್ಮ ಪಲ್ಲವಿಯೂ ಒಬ್ಬಳಾದಳು. ಜಂಬವಾಯಿತೇ ಎಂದು ಕೇಳಬೇಡಿ, ಆಯಿತು. ಲ್ಯಾಬಿಗೆ ಬಂದವರಿಗೆಲ್ಲ ತೋಳಿಗೆ ರಬ್ಬರ್ ಪಟ್ಟಿ ಕಟ್ಟುವ ಮೊದಲೇ ವಿಷಯ ತಿಳಿಸುತ್ತಿದ್ದೆ. ಮೂರನೆಯ ದಿನ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಮಿಸ್ ಡಾರ್ಲೀನ್ ಬಂದರು. ಅವರು ಸ್ಕೂಲಿನ ಆಫೀಸು ನೋಡಿಕೊಳ್ಳುವವರು, ಹೋಮ್‌ಕಮಿಂಗ್‌ಗೆ ಇಡೀ ಊರಿನ ಯಜಮಾನತಿ. ಅವರ ಮಾತಿನ ಸಕ್ಕರೆ ರಕ್ತದ ಸಕ್ಕರೆಗಿಂತ ಒಂದು ತೂಕ ಹೆಚ್ಚು. ನಾನು ಪಟ್ಟಿ ಕಟ್ಟಿ, ನರ ಹುಡುಕಿ, ಸೂಜಿ ಎತ್ತಿದ್ದೇನೆ, ಅವರು ಶುರು ಮಾಡಿದರು. ಅವರ ಆ ಎಳೆದೆಳೆದು ಆಡುವ ದಕ್ಷಿಣದ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿದರೆ ಹೀಗಿರುತ್ತದೆ.

"ಸ್ವೀಟೀ, ನಿನ್ನ ಮಗಳು ಫಾರ್ಮಿನಲ್ಲಿ ಜೊತೆಗೆ ನಡೆಯೋರು ಅನ್ನೋ ಜಾಗದಲ್ಲಿ ನಿನ್ನ ಹೆಸರು ಬರೆದಿದಾಳೆ. ಎಂಥಾ ಮುದ್ದು ಮಗು! ಆದ್ರೆ ನಮ್ಮಲ್ಲಿ ಗಂಡಸರು ನಡೆಸ್ಕೊಂಡು ಬರೋದು ಸಂಪ್ರದಾಯ. ಅಪ್ಪ ಇಲ್ದಿದ್ರೆ ತಾತ, ಮಾವ, ಅಣ್ಣ, ಪಾದ್ರಿ, ಯಾರಾದ್ರೂ ಆಗ್ಬಹುದು. ನಿಮಗೆ ಇಲ್ಲಿ ಯಾರೂ ಇಲ್ಲ ಅಂತ ನಂಗೆ ಗೊತ್ತಿಲ್ವಾ? ಕೋಚ್‌ಗೆ ಹೇಳಿ ಒಪ್ಪಿಸಿದೀನಿ. ನೀನು ಆರಾಮಾಗಿ ಮುಂದಿನ ಸಾಲಲ್ಲಿ ಕೂತ್ಕೊಂಡು ನೋಡು. ನಿನ್ನ ಕುರ್ಚಿಗೆ ಹೆಸರೂ ಬರೆಸಿ ಆಯ್ತು."

ಕೈಯಲ್ಲಿ ಸೂಜಿ ಇದೆ, ಎದುರಿಗೆ ಅವರ ತೋಳಿದೆ. ವಾದ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಯಾರಿಗೂ ಸಿಗಲಾರದು. ಆದರೂ ವೃತ್ತಿಧರ್ಮ ಅಡ್ಡ ಬಂತು. ನೋವಾಗದಂತೆ ರಕ್ತ ತೆಗೆದು, ಹತ್ತಿ ಒತ್ತಿ, ಥ್ಯಾಂಕ್ ಯೂ ಎಂದು ಕಳುಹಿಸಿಕೊಟ್ಟೆ. ಅವರು ಬಾಗಿಲು ದಾಟಿದ ಮೇಲೆ ಹೇಳಬೇಕಾಗಿದ್ದ ಹತ್ತು ಮಾತುಗಳು ಒಂದರ ಹಿಂದೊಂದು ಹೊಳೆದವು. ನನಗೆ ಯಾವಾಗಲೂ ಹಾಗೆಯೇ.

ಮನೆಗೆ ಬಂದು ಪಲ್ಲವಿಯನ್ನು ಕೇಳಿದೆ. ಅವಳು ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡೇ ಉತ್ತರ ಕೊಟ್ಟಳು.

"ಇಟ್ಸ್ ಓಕೆ, ಅಮ್ಮಾ. ಕೋಚ್ ಈಸ್ ನೈಸ್. ನೀನು ಚೇರ್‌ನಲ್ಲಿ ಕೂತ್ಕೋ. ನೋ ಬಿಗ್ ಡೀಲ್."

"ಮತ್ತೆ ನನ್ನ ಹೆಸರು ಯಾಕೆ ಬರೆದೆ?"

"ಬಿಕಾಸ್ ನೀನು ಬೇಕಿತ್ತು. ಅವರು ನೋ ಅಂದ್ರು. ಸೋ..." ಎಂದು ಭುಜ ಹಾರಿಸಿದಳು. ಆಮೇಲೆ ಫ್ರಿಜ್ಜಿನ ಬಾಗಿಲು ಮುಚ್ಚಿ, ನನ್ನ ಮುಖ ನೋಡಿ ಮೆತ್ತಗೆ ಕೇಳಿದಳು: "ಅಟ್ಲಾಂಟಾದಲ್ಲಿ ನೀನೂ ಕೂತ್ಕೊಂಡೆ ಅಲ್ವಾ?"

ಆಗಲೇ ಹೇಳುತ್ತೇನೆ ಎಂದೆನಲ್ಲ, ಅದು ಈ ಸಂಗತಿ. ಅದೇ ವರ್ಷ, ಸರಿಯಾಗಿ ಒಂದು ತಿಂಗಳ ಹಿಂದೆ, ಅಟ್ಲಾಂಟಾಕ್ಕೆ ಅಂಟಿಕೊಂಡ ನಾರ್‌ಕ್ರಾಸ್‌ನ ಒಬ್ಬರ ಮನೆಯಲ್ಲಿ ಗೌರಿ ಪೂಜೆ. ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಮಗಳ ಜೊತೆ ಹೋಗಿದ್ದೆ. ಪೂಜೆ ಮುಗಿಯಿತು. ಅರಿಶಿನ ಕುಂಕುಮದ ತಟ್ಟೆ ನನ್ನ ಪಕ್ಕದಲ್ಲೇ ಇತ್ತು, ಹಂಚೋಣವೆಂದು ಕೈಗೆತ್ತಿಕೊಂಡೆ. ಮನೆಯಾಕೆ ಓಡಿಬಂದರು. "ಅಯ್ಯೋ, ನೀವ್ಯಾಕೆ? ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡು ಬಂದಿದ್ದೀರ, ಸುಸ್ತಾಗಿರತ್ತೆ. ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ತಟ್ಟೆ ತೆಗೆದುಕೊಂಡು, ಒಂದು ಕುರ್ಚಿಯನ್ನೂ ಎಳೆದು ಹಾಕಿದರು. ಸುಸ್ತಿನ ಮಾತು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಂಡನಿಲ್ಲದವಳ ಕೈಯ ಕುಂಕುಮ ಬೇಡ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ. ನಾನು ಕೂತೆ. ಕೊಟ್ಟ ಕಾಫಿಯನ್ನೂ ಕುಡಿದೆ. ಚೆನ್ನಾಗಿದೆ ಎಂದೂ ಹೇಳಿದೆ.

ನೋಡಿ, ನಾನು ಬಹಳ ಯೋಚಿಸಿ ಕಂಡುಕೊಂಡದ್ದು ಇದು. ಸಂಪ್ರದಾಯ ಯಾರನ್ನೂ ಕುತ್ತಿಗೆ ಹಿಡಿದು ಹೊರಗೆ ದಬ್ಬುವುದಿಲ್ಲ. ಹಾಗೆ ದಬ್ಬಿದ್ದರೆ ಒಳ್ಳೆಯದಿತ್ತು, ಕಿರುಚಾಡಬಹುದಿತ್ತು. ಅದು ಕುರ್ಚಿ ಕೊಡುತ್ತದೆ. ಜೊತೆಗೆ ಕಾಫಿ ಕೊಡುತ್ತದೆ, ಹೂ ಕೊಡುತ್ತದೆ, ಬೆನ್ನು ಸವರುತ್ತದೆ. ಈ ನಯದಲ್ಲಿ ನಾರ್‌ಕ್ರಾಸ್‌ಗೂ ನಮ್ಮೂರಿಗೂ ಸ್ವಲ್ಪವೂ ವ್ಯತ್ಯಾಸವಿಲ್ಲ. ಒಬ್ಬರು ಗಂಡನಿಲ್ಲ ಎಂದು ಕೂರಿಸಿದರು, ಇನ್ನೊಬ್ಬರು ಗಂಡಸಲ್ಲ ಎಂದು ಕೂರಿಸಿದರು. ನನ್ನ ಪಾಲಿಗೆ ಆ ತಟ್ಟೆ ಹೋದರೆ ಹೋಯಿತು. ಆದರೆ ಹದಿನೇಳು ವರ್ಷದ ಹುಡುಗಿ, ಬೇಕಾದದ್ದನ್ನು ಬೇಡವೆಂದು ನಗುನಗುತ್ತಾ ಹೇಳುವುದನ್ನು ನನ್ನಿಂದ ಕಲಿತಿದ್ದಳಲ್ಲ, ಅದು ಸಹಿಸಲಾಗಲಿಲ್ಲ. ನನ್ನ ಒಡವೆ ಸೀರೆ ಕೊಡುವುದಕ್ಕೆ ಮೊದಲೇ ಇದನ್ನು ಕೊಟ್ಟುಬಿಟ್ಟಿದ್ದೆ. ಒಲೆಯ ಮುಂದೆ ನಿಂತು ಅತ್ತೆ. ಅತ್ತು ಮುಗಿದ ಮೇಲೆ ನಾನೇ ನಡೆಯುತ್ತೇನೆ ಎಂದು ತೀರ್ಮಾನ ಮಾಡಿದೆ.

ತೀರ್ಮಾನವನ್ನು ವತ್ಸಲಾಗೆ ತಿಳಿಸಿದ್ದು ನನ್ನ ದುಡುಕು. ವತ್ಸಲಾ ಮೈಸೂರಿನಲ್ಲಿ ನನ್ನ ಜೊತೆ ಓದಿದವಳು, ಈಗ ನಾರ್‌ಕ್ರಾಸ್‌ನಲ್ಲಿದ್ದಾಳೆ. ಗೌರಿ ಪೂಜೆಯ ದಿನ ತಟ್ಟೆ ನನ್ನ ಕೈಯಿಂದ ಹೋಗುವಾಗ ಅವಳು ಅಲ್ಲೇ ಇದ್ದಳು, ಸೂರಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ನಿಂಗೆ ತಲೆ ಕೆಟ್ಟಿದ್ಯೇನೇ?" ಎಂದಳು. "ಅಷ್ಟು ಜನದ ಮುಂದೆ, ಒಂದು ಶುಭಕಾರ್ಯದಲ್ಲಿ, ನೀನು ಮುಂದೆ ನಿಲ್ಲೋದಾ? ನಾನು ಬಿಡಿಸಿ ಹೇಳ್ಬೇಕಾ?"

"ಫುಟ್‌ಬಾಲ್ ಯಾವಾಗಿಂದ ಶುಭಕಾರ್ಯ ಆಯ್ತೇ?"

"ಕಿರೀಟ ಇಡ್ತಾರೆ ಅಂದ್ಯಲ್ಲ! ಸುಮ್ನೆ ಹಟ ಮಾಡ್ಬೇಡ. ನಮ್ಮ ರಾಘೂನ ಕಳಿಸ್ತೀನಿ. ಸೂಟ್ ಡ್ರೈ ಕ್ಲೀನ್ ಮಾಡ್ಸಿಟ್ಟಿದೀನಿ. ಚಿಕ್ಕಪ್ಪ ಅಂತ ಹೇಳಿದ್ರಾಯ್ತು."

ಹಾಸ್ಟೆಲಿನ ದಿನಗಳಿಂದ ವತ್ಸಲಾಳ ಹತ್ತಿರ ನಾನು ಏನೆಲ್ಲ ಕಡ ತಂದಿದ್ದೇನೆ. ಕಾಫಿಪುಡಿ, ಕೊಡೆ, ಒಮ್ಮೆ ಅವಳ ಕೆಮಿಸ್ಟ್ರಿ ನೋಟ್ಸು. ಗಂಡನನ್ನು ಕಡ ತರುವ ಗತಿ ಬಂದಿರಲಿಲ್ಲ. ರಾಘು ಒಳ್ಳೆಯವರು, ಸಾಫ್ಟ್‌ವೇರ್ ಕೆಲಸ, ನಾಲ್ಕು ಜನರ ಮುಂದೆ ನಿಲ್ಲಬೇಕೆಂದರೆ ಬೆವರುವ ಪ್ರಾಣಿ. ನನ್ನ ಮಗಳನ್ನು ವರ್ಷಕ್ಕೆರಡು ಸಲ ನೋಡುವ ಅವರು ನಡೆಯಬಹುದು, ವಾರಕ್ಕೆರಡು ಸಲ ಅವಳ ಜೊತೆ ಜಗಳವಾಡುವ ನಾನು ನಡೆಯಬಾರದು, ಕಾರಣ ಅವರ ಬಳಿ ಸೂಟಿದೆ. ನಾನು ಫೋನಿಟ್ಟೆ.

ಮರುದಿನ ಊಟದ ಬಿಡುವಿನಲ್ಲಿ ಸ್ಕೂಲ್ ಆಫೀಸಿಗೆ ಹೋದೆ. ಈ ಸಲ ಹೇಳಬೇಕಾದದ್ದನ್ನು ದಾರಿಯಲ್ಲೇ ಗಟ್ಟಿಯಾಗಿ ಹೇಳಿಕೊಂಡು ಹೋಗಿದ್ದೆ.

"ಮಿಸ್ ಡಾರ್ಲೀನ್, ಆ ಕುರ್ಚಿ ಬೇರೆ ಯಾರಿಗಾದ್ರೂ ಕೊಡಿ. ನನ್ನ ಮಗಳ ಜೊತೆ ನಾನು ನಡೀತೀನಿ. ಕೂಡದು ಅಂತ ನಿಯಮ ಇದ್ರೆ ತೋರ್ಸಿ, ಓದ್ಕೊಂಡು ಹೋಗ್ತೀನಿ."

ಅವರು ನಗುತ್ತಲೇ ಒಂದು ಡ್ರಾಯರ್ ಎಳೆದರು. ಆಮೇಲೆ ಇನ್ನೊಂದು. ಹಳೆಯ ಹೋಮ್‌ಕಮಿಂಗ್‌ಗಳ ಫೋಟೋಗಳು ಬಂದವು, ಒಣಗಿದ ರಿಬ್ಬನ್ನು ಬಂತು, ತಂಡದ ಊಟದ ಬಿಲ್ಲು ಬಂತು. ನಿಯಮ ಬರಲಿಲ್ಲ. ಅಷ್ಟು ವರ್ಷ ಆ ಆಫೀಸಿನಲ್ಲಿ ಕೂತ ಅವರಿಗೂ ಅದು ಎಲ್ಲೂ ಬರೆದಿಲ್ಲವೆಂದು ಗೊತ್ತಾದದ್ದು ಆವತ್ತೇ ಎಂದು ಕಾಣುತ್ತದೆ. ಪಾಪ, ಅವರ ಮುಖ ಬಾಡಿತು. ಕೊನೆಗೆ ಒಂದು ಕಾರಣ ಸಿಕ್ಕಿತು.

"ಅದಲ್ಲ ಸ್ವೀಟೀ, ಹುಲ್ಲು ಮೆತ್ತಗಿರತ್ತೆ. ಹುಡುಗೀರ ಹೈ ಹೀಲ್ಸ್ ಹೂತು ಹೋಗತ್ತೆ. ಮೊಣಕೈ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಗಂಡಸಿನ ಕೈ ಬೇಕು."

"ಮಿಸ್ ಡಾರ್ಲೀನ್, ಹದಿನೈದು ವರ್ಷದಿಂದ ಈ ಊರಿನ ಎಲ್ಲರ ಮೊಣಕೈ ಹಿಡಿದಿರೋಳು ನಾನು. ನಿಮ್ದೂ ಸೇರಿ. ಒಬ್ರನ್ನಾದ್ರೂ ಬೀಳ್ಸಿದೀನಾ?"

ಅವರು ಡ್ರಾಯರ್ ಮುಚ್ಚಿದರು. ಪ್ರಿನ್ಸಿಪಾಲರನ್ನು ಕೇಳಿ ಹೇಳುತ್ತೇನೆ ಎಂದರು. ಪ್ರಿನ್ಸಿಪಾಲರು ಸಂಪ್ರದಾಯದ ವಿಷಯವೆಲ್ಲ ಡಾರ್ಲೀನ್‌ಗೇ ಗೊತ್ತು ಎಂದರಂತೆ. ಹೀಗೆ ಬೇಡ ಎನ್ನಲು ಯಾರೂ ಸಿಗದೆ ನನ್ನ ಹೆಸರು ಫಾರ್ಮಿನಲ್ಲಿ ಉಳಿಯಿತು.

ಶುಕ್ರವಾರ ವತ್ಸಲಾ ಬಂದೇ ಬಂದಳು. ರಾಘುವೂ ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಹ್ಯಾಂಗರಿಗೆ ನೇತುಹಾಕಿದ ಸೂಟು ನನ್ನ ಕಣ್ಣಿಗೆ ಬೀಳಬಾರದೆಂದು ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ನಾನು ಉಟ್ಟದ್ದು ಕೆಂಗಂದು ಬಣ್ಣದ, ಚಿನ್ನದ ಅಂಚಿನ ಮೈಸೂರು ಸಿಲ್ಕ್. ಗಂಡ ಹೋದ ಮೇಲೆ ಪೆಟ್ಟಿಗೆಯಿಂದ ಆಚೆ ತೆಗೆದಿರಲಿಲ್ಲ. ನಮ್ಮ ಸ್ಕೂಲಿನ ಬಣ್ಣವೂ ಕೆಂಗಂದು ಮತ್ತು ಚಿನ್ನ. ಟಿಕೆಟ್ ಹರಿಯುವಾಕೆ ಕಣ್ಣರಳಿಸಿ, ಸ್ಕೂಲಿಗೋಸ್ಕರ ಹೇಳಿ ಮಾಡಿಸಿದಿರಾ ಎಂದು ಕೇಳಿದಳು. ಹೌದೆಂದೆ. ಮೈಸೂರಿನ ನೇಕಾರರು ಈ ಒಂದು ಸುಳ್ಳನ್ನು ಮನ್ನಿಸಲಿ. ವತ್ಸಲಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡರೆ ಬ್ಯಾಗಿನಿಂದ ಎರಡು ಪಿನ್ನು ತೆಗೆದು, ಅಲ್ಲೇ ಮೊಣಕಾಲೂರಿ ನನ್ನ ನೆರಿಗೆ ಸರಿಮಾಡಿದಳು.

"ನಡೀವಾಗ ಬಿಚ್ಚಿಕೊಂಡ್ರೆ ಮೈಸೂರಿನ ಮಾನ ಹೋಗತ್ತೆ" ಎಂದು ಗೊಣಗಿದಳು. ಎದ್ದು ನಿಂತಾಗ ಅವಳ ಕಣ್ಣು ಒದ್ದೆಯಾಗಿತ್ತು. "ಆವತ್ತು ನಾನೂ ಸುಮ್ನಿದ್ದೆ ಕಣೇ" ಎಂದಳು. ನಾನು ಸೆರಗನ್ನು ಅವಳ ಕೈಗೆ ಕೊಟ್ಟು, ಇಲ್ಲೂ ಒಂದು ಪಿನ್ನು ಹಾಕೇ ಎಂದೆ. ಅದೇ ಕ್ಷಮೆ ಎಂದು ಅವಳಿಗೆ ಗೊತ್ತಾಗುವಷ್ಟು ಹಳೆಯ ಸ್ನೇಹ ನಮ್ಮದು.

ವಿರಾಮ ಬಂತು, ಬ್ಯಾಂಡು ಬಾರಿಸಿತು, ಹುಡುಗಿಯರು ಸಾಲಾಗಿ ನಿಂತರು. ನಾಲ್ಕು ಜನ ಸೂಟು ಹಾಕಿದ ಅಪ್ಪಂದಿರು, ಒಬ್ಬಳು ಸೀರೆಯ ನಾನು. ಸೀರೆಯ ಕೆಳಗೆ ಆಸ್ಪತ್ರೆಯ ನನ್ನ ಬಿಳಿಯ ರಬ್ಬರ್ ಶೂ, ಹುಲ್ಲಿನಲ್ಲಿ ಹೂತುಹೋಗದಂಥದ್ದು. ಪಲ್ಲವಿಯ ಹೀಲ್ಸು ಮೊದಲನೆಯ ಹೆಜ್ಜೆಗೇ ಹೂತಿತು. ಮಿಸ್ ಡಾರ್ಲೀನ್ ಹೇಳಿದ್ದರಲ್ಲಿ ಸತ್ಯವಿತ್ತು. ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದೆ.

ಮೈಕಿನಲ್ಲಿ ಅವಳ ಹೆಸರು ಬಂತು, ಮುಂದೆ ಡಾಕ್ಟರಾಗಬೇಕೆಂಬ ಆಸೆ ಬಂತು, ಜೊತೆಯಲ್ಲಿ ಬರುತ್ತಿರುವವರು ಇವಳ ತಾಯಿ ಎಂದು ಬಂತು. ಮೈದಾನ ಸುಮ್ಮನಾಯಿತು. ಅದು ಎಷ್ಟು ಕ್ಷಣವೋ ತಿಳಿಯದು, ನಾವು ಹತ್ತು ಹೆಜ್ಜೆ ಇಟ್ಟಿದ್ದೆವು. ಚಪ್ಪಾಳೆ ಬೇಡವಾದರೆ ಬಿಡಿ, ನಾನಂತೂ ವಾಪಸು ತಿರುಗುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡೆ. ಅಷ್ಟರಲ್ಲಿ ಮೇಲಿನ ಮೆಟ್ಟಿಲುಗಳಿಂದ ಒಂದು ದಪ್ಪ ದನಿ ಕೂಗಿತು: "ಅರೆ, ನನ್ನ ರಕ್ತ ತೆಗೆಯೋ ಅಮ್ಮ ಅಲ್ವಾ ಅದು!" ಎಲ್ಲರೂ ಗೊಳ್ಳೆಂದು ನಕ್ಕರು. ನಗು ಮುಗಿಯುವ ಮೊದಲೇ ಚಪ್ಪಾಳೆ ಎದ್ದಿತು. ಈ ಸಲ ಯಾಕೆ ಚಪ್ಪಾಳೆ ಎಂದು ನನಗೆ ಅರ್ಥವಾಗಿತ್ತು.

ಗಂಡನ ಬದಲಿಗೆ ಬಂದಿದ್ದೇನೆ ಎಂದು ಒಂದು ಹೆಜ್ಜೆಯಲ್ಲೂ ಅನ್ನಿಸಲಿಲ್ಲ. ಅವರಿದ್ದಿದ್ದರೆ ಮೂರು ಜನ ನಡೆಯುತ್ತಿದ್ದೆವು, ಅಷ್ಟೇ. ಕಿರೀಟ ಟ್ರ್ಯಾಕ್ಟರ್ ಅಂಗಡಿಯವರ ಮಗಳಿಗೆ ಹೋಯಿತು. ಪಲ್ಲವಿ ನನ್ನ ಕಿವಿಯಲ್ಲಿ "ಡೋಂಟ್ ಕ್ರೈ, ಅಮ್ಮಾ, ಮಸ್ಕರಾ ಹಾಕಿದೀಯ" ಎಂದಳು. ರಾಘು ವಿಡಿಯೋ ತೆಗೆದಿದ್ದರು. ಆಮೇಲೆ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ವತ್ಸಲಾಳ ಬೆನ್ನು; ಅವಳು ಪೂರ್ತಿ ಹೊತ್ತು ಎದ್ದು ನಿಂತು ಕುಣಿಯುತ್ತಿದ್ದಳು.

ಮೈದಾನದಿಂದ ಹೊರಗೆ ಬರುವಾಗ ಯಾರೋ ನನ್ನ ಸೆರಗು ಹಿಡಿದರು. ಸ್ಕೂಲಿನ ಊಟದ ಮನೆಯಲ್ಲಿ ಬಡಿಸುವ ಮಿಸ್ ಅರ್ನೆಸ್ಟೀನ್. ಎಪ್ಪತ್ತರ ಹತ್ತಿರದ ಅಜ್ಜಿ, ತಾಯಿ ತಂದೆ ಇಲ್ಲದ ಮೊಮ್ಮಗಳನ್ನು ಒಬ್ಬರೇ ಸಾಕಿದವರು. ಭೇಷ್ ಎನ್ನಲಿಲ್ಲ, ಧೈರ್ಯವಂತೆ ಎನ್ನಲಿಲ್ಲ. ಬಗ್ಗಿ ನನ್ನ ಕಾಲು ನೋಡಿದರು.

"ಆ ಶೂ ಎಲ್ಲಿ ತಗೊಂಡೆ ಮಗಳೇ? ಮುಂದಿನ ವರ್ಷ ನಮ್ಮ ಹುಡುಗಿ ಕೊನೇ ಕ್ಲಾಸು."

ಅಂಗಡಿಯ ಹೆಸರು ಹೇಳಿದೆ. ಅರ್ಧ ಸೈಜು ದೊಡ್ಡದು ತೆಗೆದುಕೊಳ್ಳಿ, ಸಂಜೆಗೆ ಕಾಲು ಊದಿಕೊಂಡಿರುತ್ತದೆ ಎಂದೂ ಹೇಳಿದೆ.

ಮುಂದಿನ ಅಕ್ಟೋಬರಿನಲ್ಲಿ ಕಾಲೇಜಿನಿಂದ ಪಲ್ಲವಿ ಮನೆಗೆ ಬಂದಿದ್ದಳು. ಇಬ್ಬರೂ ಪಂದ್ಯಕ್ಕೆ ಹೋದೆವು. ವಿರಾಮದಲ್ಲಿ ಮಿಸ್ ಅರ್ನೆಸ್ಟೀನ್ ತಮ್ಮ ಮೊಮ್ಮಗಳ ಮೊಣಕೈ ಹಿಡಿದು, ಬಿಳಿ ಶೂ ಹಾಕಿಕೊಂಡು, ಯಾವ ಅವಸರವೂ ಇಲ್ಲದೆ ಮೈದಾನದ ನಡುವಿಗೆ ನಡೆದರು. ನಮ್ಮ ಮುಂದಿನ ಸಾಲಿನಲ್ಲಿ ಮಿಸ್ ಡಾರ್ಲೀನ್ ಕೂತಿದ್ದರು. ಅವರ ಪಕ್ಕದಲ್ಲಿ ಊರಿಗೆ ಹೊಸದಾಗಿ ಬಂದ ಒಬ್ಬಾಕೆ, ಅಪ್ಪಂದಿರೇ ನಡೆಸಿಕೊಂಡು ಬರಬೇಕೆಂದು ಇಲ್ಲವೇ ಎಂದು ಕೇಳಿದರು.

"ಇಲ್ಲಪ್ಪ ಸ್ವೀಟೀ" ಎಂದರು ಮಿಸ್ ಡಾರ್ಲೀನ್, ಎದೆಯ ಸೇವಂತಿಗೆ ಸರಿಮಾಡಿಕೊಳ್ಳುತ್ತಾ. "ನಮ್ಮಲ್ಲಿ ಮಗೂನ ಯಾರು ಸಾಕಿರ್ತಾರೋ ಅವ್ರೇ ನಡೀತಾರೆ. ಅಮ್ಮ ಆಗ್ಲಿ, ಅಜ್ಜಿ ಆಗ್ಲಿ. ನಮ್ಮೂರಲ್ಲಿ ಅದು ಎಷ್ಟೋ ಕಾಲದಿಂದ ಬಂದ ಪದ್ಧತಿ."

ಪಲ್ಲವಿ ಹೌಹಾರಿ ನನ್ನ ಕಡೆ ತಿರುಗಿದಳು. "ಅಮ್ಮಾ! ಶೀ ಈಸ್ ಲೈಯಿಂಗ್! ನೀನು ಹೇಳು!"

"ಸುಮ್ನಿರೇ" ಎಂದು ಅವಳ ತೊಡೆ ಚಿವುಟಿದೆ. "ಇನ್ನೊಂದೆರಡು ವರ್ಷ ಹೀಗೇ ಹೇಳ್ತಿರ್ಲಿ. ಆಮೇಲೆ ಇದನ್ನ ಬದಲಾಯಿಸ್ತೀನಿ ಅಂತ ಯಾರಾದ್ರೂ ಬಂದ್ರೆ, ಸಂಪ್ರದಾಯ ಕೆಡಿಸ್ಬೇಡಿ ಅಂತ ಮೊದಲು ಜಗಳಕ್ಕೆ ನಿಲ್ಲೋಳು ನಾನೇ."